ಮೂರನೇ ಸಲ ತುಂಡಾದ ತಂತಿ

ಟಿ. ದಾಸರಹಳ್ಳಿ
13 ಜುಲೈ 2025

ತೇಜುಗೆ,

ಪತ್ರವನ್ನು ‘ಉಭಯ ಕುಶಲೋಪರಿ’ ಎಂದು ಶುರು ಮಾಡಬೇಕೆಂದು ಎಂಟನೇ ಕ್ಲಾಸಿನಲ್ಲಿ ನಮಗೆ ಕಲಿಸಿದ್ದರು. ನೀನೂ ಕುಶಲವಾಗಿಲ್ಲ, ನಾನೂ ಕುಶಲವಾಗಿಲ್ಲ. ಅದನ್ನು ಬಿಟ್ಟು ನೇರವಾಗಿ ವಿಷಯಕ್ಕೆ ಬರುತ್ತೇನೆ.

ಮೊನ್ನೆ ನೀನು, “ಫೋನ್ ಮಾಡ್ಬೇಡ ಅಮ್ಮ, ಮಾತು ಶುರುವಾದ್ರೆ ಇಬ್ರೂ ಕಿರುಚ್ತೀವಿ. ಹೇಳೋದಿದ್ರೆ ಬರೆದು ಕಳ್ಸು” ಎಂದು ಕಟ್ ಮಾಡಿದೆ. ಮೆಸೇಜು ಕಳಿಸು ಎಂಬ ಅರ್ಥದಲ್ಲಿ ಹೇಳಿರಬಹುದು. ಆ ಸಣ್ಣ ಪರದೆಯಲ್ಲಿ ಒಂದೊಂದೇ ಅಕ್ಷರ ಒತ್ತುತ್ತಾ ಕೂತರೆ ನನ್ನ ಕೋಪ ಆರಿಹೋಗುತ್ತದೆ. ಆರುವ ಮುಂಚೆ ಬರೆಯಬೇಕೆಂದು ಪೋಸ್ಟಾಫೀಸಿಗೆ ಹೋಗಿ ಕವರು ತಂದೆ. ಕೌಂಟರಿನ ಹುಡುಗಿ, “ಏನ್ ಆಂಟಿ, ಕೋರ್ಟ್ ನೋಟೀಸಾ?” ಎಂದಳು. ಹೆಚ್ಚುಕಡಿಮೆ ಅದೇ ಎಂದೆ.

ನಿನ್ನ ಗಿಟಾರು ಮಂಚದ ಮೇಲೆ, ನೀನು ಮಲಗುತ್ತಿದ್ದ ಜಾಗದಲ್ಲಿಯೇ ಇದೆ. ನಿಮ್ಮಪ್ಪ ಅದಕ್ಕೆ ಬೆಡ್‌ಶೀಟು ಹೊದಿಸಿದ್ದಾರೆ. ಯಾರೋ ಜ್ವರ ಬಂದು ಮಲಗಿದ ಹಾಗೆ ಕಾಣುತ್ತದೆ, ತೆಗೆಯಿರಿ ಎಂದರೆ ಕೇಳುವುದಿಲ್ಲ.

ಅವತ್ತಿನ ವಿಷಯ ನಿಮ್ಮಪ್ಪನ ಹತ್ತಿರ ನೀನು ಹೇಳಿರುವುದು ಒಂದು, ನಡೆದದ್ದು ಇನ್ನೊಂದು. ನಿನಗೆ ಕಂಪನಿಯ ಇನ್ನೊಂದು ಯೂನಿಟ್ಟಿನಲ್ಲಿ ಕಾಯಿಲ್ ಟೆಸ್ಟಿಂಗ್ ಕೆಲಸ ಕೊಡಿಸಿದ್ದು ನಮ್ಮ ಸೂಪರ್‌ವೈಸರ್ ಲಕ್ಷ್ಮಿದೇವಮ್ಮನವರು. ಅವರು ಶೆಡ್ಡಿನಲ್ಲಿ ಎಲ್ಲರ ಮುಂದೆ, “ನಿನ್ ಮಗಳು ಕೆಲ್ಸ ಬಿಟ್ಟು ವಾರ ಆಯ್ತಂತಲ್ಲ ರಾಣಿ, ನಿಂಗೇ ಗೊತ್ತಿಲ್ವಾ?” ಎಂದು ಕೇಳಿದರು. ಕಾಯಿಲಿಗೆ ತಾಮ್ರದ ತಂತಿ ಸುತ್ತುತ್ತಿದ್ದ ಅಷ್ಟೂ ಹೆಂಗಸರು ಮೆಷಿನ್ ನಿಲ್ಲಿಸಿ ನನ್ನ ಮುಖ ನೋಡಿದರು. ಅದೇ ಉರಿಯಲ್ಲಿ ಮನೆಗೆ ಬಂದರೆ ನೀನು ಗಿಟಾರು ಹಿಡಿದು ಕೂತಿದ್ದೆ. ನಾನು ಎಳೆದದ್ದು ಆಂಪ್ಲಿಫೈಯರಿನ ವೈರನ್ನು, ಗಿಟಾರನ್ನಲ್ಲ. ಅದು ನಿನ್ನ ತೊಡೆಯಿಂದ ಜಾರಿ ನೆಲಕ್ಕೆ ಬೀಳುತ್ತದೆ ಎಂದು ನಾನೇನು ಕನಸು ಕಂಡಿದ್ದೆನೇ? ಅದು ಮೂಕವಾಯಿತು, ನೀನು ಬ್ಯಾಗು ತುಂಬಿಕೊಂಡೆ. “ಸತ್ತೋಗಿರೋ ಗಿಟಾರ್ ಹೊತ್ಕೊಂಡು ಎಲ್ಲಿಗೆ ಹೋಗ್ಲಿ, ನೀನೇ ಇಟ್ಕೋ” ಎಂದೆ. ಹೊಸ್ತಿಲು ದಾಟಿದರೆ ತಿರುಗಿ ಬರಬೇಡ ಎಂದು ನಾನು ಹೇಳಿದ್ದು ನಿಜ. ಅದು ಕೋಪದಲ್ಲಿ ಬಂದ ಮಾತು.

ಈಗ ಅದನ್ನು ಅಪ್ಪನ ಕೈಲಿ ಕಳಿಸು, ಅಂಗಡಿಯಲ್ಲಿ ಮಾಡಿಸುತ್ತೇನೆ ಅನ್ನುತ್ತಿದ್ದೀಯಂತೆ. ಕಳಿಸುವುದಿಲ್ಲ. ನಮ್ಮ ಶೆಡ್ಡಿನ ಪದ್ಧತಿ ನಿನಗೆ ಗೊತ್ತಿದೆ. ಕೆಟ್ಟು ವಾಪಸ್ ಬಂದ ಕಾಯಿಲನ್ನು ಯಾರು ಸುತ್ತಿದ್ದರೋ ಅವರೇ ಬಿಚ್ಚಿ ಸುತ್ತಬೇಕು, ಇನ್ನೊಬ್ಬರು ಕೈ ಹಾಕುವ ಹಾಗಿಲ್ಲ. ಇದನ್ನು ಕೆಡಿಸಿದ್ದು ನಾನು, ಸರಿ ಮಾಡುವುದೂ ನಾನೇ.

ಆ ಊರಿನಲ್ಲಿ ನೀರು ಹೇಗೆ? ಕುದಿಸಿ ಕುಡಿ.

ನಿನ್ನಮ್ಮ,
ರಾಣಿ


ರಾಜಾನುಕುಂಟೆ
22 ಜುಲೈ 2025

ಅಮ್ಮ,

ಪೋಸ್ಟ್‌ಮ್ಯಾನ್ ಬಂದು ಕೂಗಿದಾಗ ಮನೆ ಓನರ್ ಚನ್ನಕ್ಕ ಬೀದಿಗೆಲ್ಲ ಕೇಳುವಂತೆ, “ಒಳ್ಳೆ ಮನೆ ಎಣ್ಣು ಅನ್ಕಂಡಿದ್ದೆ, ಕಾಗ್ದ ಬಂದೈತೆ ನೋಡು, ಏನ್ ಕೇಸೋ ಏನೋ” ಎಂದರು. ಅಮ್ಮ ಬರೆದದ್ದು ಎಂದರೂ ನಂಬಿಕೆ ಬಂದಿಲ್ಲ.

ಗಿಟಾರನ್ನು ದಯವಿಟ್ಟು ಮುಟ್ಟಬೇಡ. ಅದು ನಿಮ್ಮ ಶೆಡ್ಡಿನ ಬಜರ್ ಕಾಯಿಲ್ ಅಲ್ಲ.

ಪರಿಸ್ಥಿತಿ ಏನೆಂದು ಹೇಳಿಬಿಡುತ್ತೇನೆ, ಆಮೇಲೆ ಗೊತ್ತಿರಲಿಲ್ಲ ಎನ್ನಬೇಡ. ಆರ್.ಟಿ. ನಗರದ ಮುಕ್ತಾರ್ ಭಾಯ್ ಅವರ ಆರ್ಕೆಸ್ಟ್ರಾದಲ್ಲಿ ಸೇರಿಕೊಂಡಿದ್ದೇನೆ. ಗಣೇಶ, ಅಣ್ಣಮ್ಮ ದೇವಿ ಉತ್ಸವ, ರಾಜ್ಯೋತ್ಸವ, ಎಲ್ಲಕ್ಕೂ ಬುಕಿಂಗ್ ಇರುತ್ತದೆ. ಸದ್ಯಕ್ಕೆ ಬಾರಿಸುತ್ತಿರುವುದು ಅವರ ತಮ್ಮ ಅನ್ವರ್ ಗಿಟಾರು. ಅವನು ದುಬೈನಲ್ಲಿದ್ದಾನೆ, ರಾಜ್ಯೋತ್ಸವಕ್ಕೆ ವಾಪಸ್ ಬರುತ್ತಾನೆ. ಬಂದರೆ ಗಿಟಾರೂ ಅವನದೇ, ಜಾಗವೂ ಅವನದೇ. “ನಿಂದೇ ಗಿಟಾರ್ ಇದ್ರೆ ಇಬ್ರನ್ನೂ ನಿಲ್ಲಿಸ್ತೀನಿ ಬೇಟಾ, ಇಲ್ಲಾಂದ್ರೆ ನಾನೇನ್ ಮಾಡ್ಲಿ” ಎಂದು ಮುಕ್ತಾರ್ ಭಾಯ್ ಮೊದಲೇ ಹೇಳಿದ್ದಾರೆ. ನವೆಂಬರ್ ಒಂದಕ್ಕೆ ನನ್ನ ಕೈಯಲ್ಲಿ ನನ್ನ ಗಿಟಾರು ಇರಬೇಕು. ಇಲ್ಲದಿದ್ದರೆ ನಾನು ಮನೆ ಬಿಟ್ಟದ್ದು, ನಿನ್ನ ಮಾತು ಕೇಳಿಸಿಕೊಂಡದ್ದು, ಎಲ್ಲ ದಂಡ.

ಅನ್ವರ್ ಗಿಟಾರಿನ ಸ್ಥಿತಿ ನೋಡಿದ್ದರೆ ನೀನೂ ಬೈಯುತ್ತಿದ್ದೆ. ಕುತ್ತಿಗೆ ಬಾಗಿ ತಂತಿಗಳೆಲ್ಲ ಮೇಲೆ ನಿಂತಿದ್ದವು, ಒತ್ತಿ ಒತ್ತಿ ಬೆರಳು ಗಾಯವಾಯಿತು. ಕುತ್ತಿಗೆಯೊಳಗೆ ಒಂದು ಕಬ್ಬಿಣದ ಸರಳು ಇರುತ್ತದೆ. ಅದನ್ನು ಅಲೆನ್ ಕೀಯಲ್ಲಿ ಸ್ವಲ್ಪ ತಿರುಗಿಸಿ, ಒಂದು ದಿನ ಬಿಟ್ಟು, ಇನ್ನು ಸ್ವಲ್ಪ ತಿರುಗಿಸಿ ನೆಟ್ಟಗೆ ಮಾಡಿದೆ. ಅವಸರ ಮಾಡಿದರೆ ಮರ ಸೀಳಿಬಿಡುತ್ತದೆ. ವಾಲ್ಯೂಮ್ ಗುಬುಟು ತಿರುಗಿಸಿದರೆ ಕರಕರ ಎನ್ನುತ್ತಿತ್ತು, ಬಿಚ್ಚಿ ಸ್ಪ್ರೇ ಹೊಡೆದೆ. ಇನ್ನೊಬ್ಬರ ಗಿಟಾರನ್ನು ಇಷ್ಟು ಚೆನ್ನಾಗಿ ನೋಡಿಕೊಳ್ಳುತ್ತಾ ನನ್ನದನ್ನು ಅಲ್ಲಿ ಬಿಟ್ಟು ಬಂದಿದ್ದೇನೆ ಎಂದು ಯೋಚನೆಯಾದಾಗ ಹೊಟ್ಟೆ ಉರಿಯುತ್ತದೆ.

ಅಪ್ಪನ ಕೈಲಿ ಕಳಿಸು.

ತೇಜಸ್ವಿನಿ


ಟಿ. ದಾಸರಹಳ್ಳಿ
3 ಆಗಸ್ಟ್ 2025

ತೇಜು,

ಬಿಚ್ಚಿದೆ.

ಗಾಬರಿಯಾಗಬೇಡ, ಪೂರ್ತಿ ಓದು. ವೈರು ಸಿಕ್ಕಿಸುವ ಜಾಗ ಕಿತ್ತು ಬಂದಿತ್ತು, ಬೆಸುಗೆ ಹಾಕಿ ಕೂರಿಸಿದೆ. ಆದರೂ ಪೂರ್ತಿ ಸದ್ದು ಬರಲಿಲ್ಲ. ತಂತಿಗಳ ಕೆಳಗೆ ಮೂರು ಬಿಳಿ ಪಟ್ಟಿಗಳಿವೆಯಲ್ಲ, ಒಂದೊಂದರಲ್ಲಿ ಆರಾರು ಕಬ್ಬಿಣದ ಗುಂಡಿ, ನೀನು ಪಿಕಪ್ಪು ಎನ್ನುತ್ತೀಯ. ತೆರೆದು ನೋಡಿದರೆ ಒಳಗೆ ನಮ್ಮ ಕಾಯಿಲೇ. ನನಗೆ ನಗು ಬಂತು. ಇಷ್ಟು ವರ್ಷ ನೀನು ಬಾಗಿಲು ಹಾಕಿಕೊಂಡು ಬಾರಿಸುತ್ತಿದ್ದದ್ದು ನಾನು ದಿನವಿಡೀ ಸುತ್ತುವ ವಸ್ತುವನ್ನೇ. ಮೀಟರು ಹಿಡಿದೆ. ಎರಡು ಚೆನ್ನಾಗಿದ್ದವು, ತಂತಿಗಳ ಬುಡದ ಕಡೆಯದು ಓಪನ್ ಆಗಿತ್ತು. ಬಿದ್ದ ಏಟಿಗೆ ಒಳಗೆಲ್ಲೋ ಎಳೆ ತುಂಡಾಗಿದೆ.

ಅದನ್ನು ಟಿಫನ್ ಬಾಕ್ಸಿನಲ್ಲಿ ಇಟ್ಟುಕೊಂಡು ಶೆಡ್ಡಿಗೆ ಒಯ್ದೆ. ಊಟದ ಬಿಡುವಿನಲ್ಲಿ ಹಳೆ ತಂತಿ ಬಿಚ್ಚಿ ಹೊಸದನ್ನು ಸುತ್ತಿದೆ. ಕೂದಲಿಗಿಂತ ಸಣ್ಣ ತಾಮ್ರದ ತಂತಿ, ನನಗೇನು ಹೊಸದೇ. ಊಟಕ್ಕೆ ಕೂತವರು ಎದ್ದು ಕೈ ತೊಳೆಯುವಷ್ಟರಲ್ಲಿ ಮುಗಿಯಿತು. ಆಮೇಲೆ ಪದ್ಧತಿ ಪ್ರಕಾರ ವಾರ್ನಿಶ್ ಕುಡಿಸಿ ಮೋಟರ್ ಕಾಯಿಲ್‌ಗಳ ಜೊತೆ ಓವನ್ನಿನಲ್ಲಿಟ್ಟೆ. ವಾರ್ನಿಶ್ ಕುಡಿಸಿ ಬೇಯಿಸದ ಕಾಯಿಲನ್ನು ನಾನು ಈವರೆಗೆ ಯಾರಿಗೂ ಕೊಟ್ಟವಳಲ್ಲ.

ಇಳಿಸಿದಾಗ ಸ್ವಲ್ಪ ಸೊಟ್ಟಗೆ ಕಂಡಿತು. ಅದು ಹಾಗೇ ಇರುತ್ತದೋ ಏನೋ. ಜಾಗದಲ್ಲಿ ಕೂರುತ್ತಿಲ್ಲ, ಅದರಿಂದ ಸದ್ದೂ ಇಲ್ಲ. ಯಾಕೆ?

ಅಮ್ಮ


ರಾಜಾನುಕುಂಟೆ
9 ಆಗಸ್ಟ್ 2025

ಅಮ್ಮ,

ಬೇಯಿಸಿಬಿಟ್ಟೆಯಾ?

ಪ್ರ್ಯಾಕ್ಟೀಸಿನಲ್ಲಿ ನಿನ್ನ ಪತ್ರವನ್ನು ಓದಿದೆ. ಮುಕ್ತಾರ್ ಭಾಯ್ ಕೀಬೋರ್ಡಿನ ಮೇಲೆ ತಲೆಯಿಟ್ಟುಕೊಂಡು ನಕ್ಕರು. “ಪಿಕಪ್ನ ಓವನ್‌ಗೆ ಹಾಕಿದ್ರಾ? ಕೇಕ್ ಅಂದ್ಕೊಂಡ್ರಾ ನಿಮ್ಮಮ್ಮಿ?” ಎಂದರು. ನನಗೂ ನಗು ಬಂತು, ಆಮೇಲೆ ಬಸ್ಸಿನಲ್ಲಿ ಅಳು ಬಂತು. ಅಮ್ಮ, ಅದರ ಚೌಕಟ್ಟು ಪ್ಲಾಸ್ಟಿಕ್ಕು. ಮೋಟರಿನ ಕಬ್ಬಿಣಕ್ಕೆ ಕೊಡುವ ಶಾಖ ಅದಕ್ಕೆ ಕೊಟ್ಟರೆ ಕರಗಿ ಬಾಗುತ್ತದೆ, ಒಳಗೆ ಎಳೆ ಮತ್ತೆ ತುಂಡಾಗುತ್ತದೆ. ನಿನ್ನನ್ನು ಬಿಟ್ಟರೆ ಇನ್ಯಾರಿಗೂ ಈ ತಪ್ಪು ಹೊಳೆಯುತ್ತಿರಲಿಲ್ಲ.

ಹೊಸ ಪಿಕಪ್ ಆನ್‌ಲೈನಿನಲ್ಲಿ ಸಿಗುತ್ತದೆ. ತರಿಸಿ ಮನೆಗೆ ಕಳಿಸುತ್ತೇನೆ, ಹಾಕು ಎಂದರೂ, ಉಳಿದ ಎರಡರಲ್ಲೇ ಬಾರಿಸುತ್ತೇನೆ, ಹಾಗೇ ಕಳಿಸು ಎಂದರೂ ನೀನು ಕೇಳುವವಳಲ್ಲ, ಗೊತ್ತು. ಅದಕ್ಕೇ ಮುಕ್ತಾರ್ ಭಾಯ್ ಅವರ ಗುಜರಿ ಡಬ್ಬದಲ್ಲಿ ಒಂದು ಸತ್ತ ಪಿಕಪ್ಪು ಹುಡುಕಿ, ಅದರ ಚೌಕಟ್ಟು ಇದರ ಜೊತೆ ಕಳಿಸಿದ್ದೇನೆ. ಸುತ್ತು. ವಾರ್ನಿಶ್ ಬೇಡ, ಓವನ್ ಖಂಡಿತ ಬೇಡ. ಮೇಣದಬತ್ತಿಯನ್ನು ಡಬ್ಬಿಯಲ್ಲಿ ಹಾಕಿ, ಡಬ್ಬಿಯನ್ನು ಬಿಸಿನೀರಿನಲ್ಲಿಟ್ಟು ಕರಗಿಸು. ಕರಗಿದ ಮೇಣದಲ್ಲಿ ಅದ್ದು. ಗುಳ್ಳೆ ಬರುವುದು ನಿಂತ ಮೇಲೆ ತೆಗೆದು ಒರೆಸು. ಅಷ್ಟೇ.

ನಿನ್ನ ಒಂದು ಊಟದ ಬಿಡುವು ಸಾಕು. ಆಗಸ್ಟ್ ಮುಗಿಯುವುದರೊಳಗೆ ಕೊಟ್ಟುಬಿಡು.

ತೇಜು


ಟಿ. ದಾಸರಹಳ್ಳಿ
31 ಆಗಸ್ಟ್ 2025

ತೇಜು,

ಚೌಕಟ್ಟು ತಲುಪಿತು. ಈ ಸಲ ಶೆಡ್ಡು ಬೇಡವೆಂದು ಮನೆಯಲ್ಲೇ ಸುತ್ತಿದೆ. ಹೊಲಿಗೆ ಮೆಷಿನ್ನಿನ ದಾರ ಸುತ್ತುವ ಚಕ್ರಕ್ಕೆ ಅದನ್ನು ಅಂಟಿಸಿ, ತಂತಿಯನ್ನು ಬೆರಳ ಸಂದಿಯಲ್ಲಿ ಹಿಡಿದು ಪೆಡಲು ತುಳಿದೆ. ಅರ್ಧಕ್ಕೆ ಬರುವಷ್ಟರಲ್ಲಿ ಮೆಷಿನ್ನು ಜಗ್ಗಿ ತಂತಿ ತುಂಡಾಯಿತು. ಮತ್ತೆ ಮೊದಲಿಂದ ಮಾಡಿದೆ. ಮುಗಿಯುತ್ತಾ ಬಂದಾಗ ಮತ್ತೆ ತುಂಡು. ಇಂಥ ತಂತಿಗೆ ನಡುವೆ ಗಂಟು ಹಾಕಿದರೆ ಕೆಲಸ ಕೆಟ್ಟಂತೆ, ಬಿಚ್ಚಿಹಾಕಿದೆ. ನೋಡೋಣ, ಇನ್ನೂ ಸಮಯವಿದೆ.

ನಮ್ಮ ಬೀದಿಯ ಗಣೇಶನಿಗೆ ಆರ್ಕೆಸ್ಟ್ರಾ ಕರೆಸಿದ್ದರು, ನಿಮ್ಮದಲ್ಲ, ಬೇರೆ ಯಾರದೋ. ಪ್ರತಿ ವರ್ಷ ಕಿಟಕಿ ಮುಚ್ಚಿಕೊಂಡು ಬೈಯುತ್ತಿದ್ದವಳು ಈ ವರ್ಷ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಮುಂದೆ ಹೋಗಿ ಕೂತೆ. ಗಿಟಾರಿನ ಹುಡುಗನ ಕೈಯನ್ನೇ ನೋಡುತ್ತಿದ್ದೆ. ಹಾಡುವವರು ಬೆಳಕಿನಲ್ಲಿ ನಿಂತಿರುತ್ತಾರೆ, ಅವನು ಸ್ಪೀಕರ್ ಪಕ್ಕ ಕತ್ತಲಲ್ಲಿ. ಒಬ್ಬರೂ ಅವನ ಕಡೆ ನೋಡಲಿಲ್ಲ. ನಿನ್ನನ್ನೂ ಹೀಗೇ ಮೂಲೆಯಲ್ಲಿ ನಿಲ್ಲಿಸುತ್ತಾರಾ? ಇದಕ್ಕಾಗಿಯಾ ನೀನು ಹೋದದ್ದು?

ಬೇಜಾರು ಮಾಡಿಕೊಳ್ಳಬೇಡ, ಕೇಳಬೇಕು ಅನ್ನಿಸಿತು, ಕೇಳಿದೆ. ನಿಮ್ಮಪ್ಪ ಗಾಡಿಯಿಂದ ಇಳಿದು ಬಂದವರು ದಿನಾ “ಕಾಗ್ದ ಬಂತಾ?” ಎನ್ನುತ್ತಾರೆ.

ಅಮ್ಮ


ಟಿ. ದಾಸರಹಳ್ಳಿ
21 ಸೆಪ್ಟೆಂಬರ್ 2025

ತೇಜು,

ನೀನು ಉತ್ತರ ಬರೆಯಲಿಲ್ಲ. ನನ್ನ ಕೊನೆಯ ಪ್ರಶ್ನೆ ಚುಚ್ಚಿರಬೇಕು. ಚುಚ್ಚಲೆಂದು ಬರೆದದ್ದಲ್ಲ. ಸ್ವಲ್ಪ ಹಾಗೇ ಬರೆದದ್ದು.

ಇವತ್ತು ಮತ್ತೆ ಸುತ್ತಿದೆ. ಇನ್ನೇನು ಮುಗಿಯಿತು ಅನ್ನುವಾಗ ಮೂರನೇ ಸಲ ತಂತಿ ತುಂಡಾಯಿತು. ಕೈ ಯಾಕೋ ಮಾತು ಕೇಳುತ್ತಿಲ್ಲ. ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಶೆಡ್ಡಿನಲ್ಲಿ ಕೂತಿದ್ದಾಗ ಮನೆಗೆ ಹೋಗಬೇಕು ಅನ್ನಿಸುತ್ತದೆ, ಮನೆಗೆ ಬಂದರೆ ಗೇಟಿನವರೆಗೆ ಹೋಗಿ ಬರುತ್ತೇನೆ. ಅಡುಗೆಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ನಿಮ್ಮಪ್ಪನನ್ನೇ ಕೇಳಬೇಕು. ಅವರು ಯಾವುದಕ್ಕೂ “ಚೆನ್ನಾಗಿದೆ” ಎನ್ನುವ ಮನುಷ್ಯ, ಅವರನ್ನು ನಂಬುವ ಹಾಗಿಲ್ಲ.

ಇನ್ನೊಂದು ಮಾತು. ಟೆಸ್ಟಿಂಗಿನಲ್ಲಿ ನಿನ್ನ ಜಾಗಕ್ಕೆ ಇನ್ನೂ ಯಾರನ್ನೂ ತೆಗೆದುಕೊಂಡಿಲ್ಲ. ನವೆಂಬರಿನವರೆಗೆ ಹಾಗೇ ಇಟ್ಟಿರಲು ಲಕ್ಷ್ಮಿದೇವಮ್ಮನವರು ಹೇಳಿದ್ದಾರಂತೆ. ಸುಮ್ಮನೆ ತಿಳಿಸಿದ್ದೇನೆ.

ಅಮ್ಮ


ರಾಜಾನುಕುಂಟೆ
25 ಸೆಪ್ಟೆಂಬರ್ 2025

ಅಮ್ಮ,

ನಾನು ಹುಟ್ಟುವ ಮೊದಲಿನಿಂದ ನೀನು ಈ ತಂತಿ ಸುತ್ತುತ್ತಿದ್ದೀಯ. ಟಿವಿ ನೋಡುತ್ತಾ, ಪಕ್ಕದವಳ ಜೊತೆ ಅತ್ತೆಯನ್ನು ಬೈಯುತ್ತಾ, ಕೆಮ್ಮುತ್ತಾ ಸುತ್ತುವವಳು. ರಜೆಯಲ್ಲಿ ಶೆಡ್ಡಿಗೆ ಬಂದು ನಿನ್ನ ಪಕ್ಕ ಕೂತಿರುತ್ತಿದ್ದೆ. ಬೇರೆಯವರ ಮೆಷಿನ್ ಕೆಳಗೆ ತುಂಡಾದ ತಂತಿ ಬಿದ್ದಿರುತ್ತಿತ್ತು, ನಿನ್ನದರ ಕೆಳಗೆ ಇರುತ್ತಿರಲಿಲ್ಲ. ಮೊದಲ ಸಲ ಇದನ್ನು ಒಂದು ಊಟದ ಬಿಡುವಿನಲ್ಲಿ ಮುಗಿಸಿದ್ದೀಯ. ಬೇಯಿಸಿ ಕೆಡಿಸಿದೆ, ಅದು ಬೇರೆ, ಆದರೆ ಸುತ್ತುವಾಗ ತುಂಡಾಗಲಿಲ್ಲ. ಈಗ ಶೆಡ್ಡು ಬಿಟ್ಟು ಮನೆಯಲ್ಲಿ, ಯಾರೂ ನೋಡದ ಕಡೆ, ಹೊಲಿಗೆ ಮೆಷಿನ್ನಿನಲ್ಲಿ ಸುತ್ತುತ್ತೀಯ. ಮೂರು ಸಲವೂ ಮುಗಿಯುವ ಮೊದಲೇ ತುಂಡಾಗುತ್ತದೆ. ಅದೇ ಪತ್ರದಲ್ಲಿ ಕೆಲಸ ಇನ್ನೂ ಖಾಲಿ ಇದೆ, ನವೆಂಬರಿನವರೆಗೆ ಎಂದು ಬರೆಯುತ್ತೀಯ.

ನಾನು ದಡ್ಡಿ ಅಲ್ಲ ಅಮ್ಮ. ನೀನೇ ಕಡಿಯುತ್ತಿದ್ದೀಯ.

ಕೊಡುವುದಿಲ್ಲ ಎಂದರೆ ನೇರವಾಗಿ ಹೇಳಿಬಿಡು, ಕಿರುಚು, ಅದು ನನಗೆ ಅಭ್ಯಾಸವಿದೆ. ಈ ಥರ ಮಾಡಬೇಡ. ನಾನು ಇಲ್ಲಿ ಸುಖವಾಗಿದ್ದೇನೆ ಎಂದು ನಿನಗೆ ಯಾರು ಹೇಳಿದರು? ಹೌದು, ಮೂಲೆಯಲ್ಲೇ ನಿಲ್ಲಿಸುತ್ತಾರೆ. ಯಾರೂ ನೋಡುವುದಿಲ್ಲ. ಯಲಹಂಕದಲ್ಲಿ ಒಬ್ಬ ಮೈಕ್ ಸೆಟ್ಟಿನವನು ನಾನು ಗಿಟಾರು ಹೊತ್ತು ನಿಂತದ್ದು ನೋಡಿಯೂ, “ಡ್ಯಾನ್ಸರ್ಸ್ ಹಿಂದ್ಗಡೆ ಹೋಗಿ” ಎಂದ. ಬೆಳಿಗ್ಗೆ ಎದ್ದರೆ ಇವತ್ತು ನನ್ನನ್ನು ಬೇಡ ಎನ್ನುತ್ತಾರೋ ಏನೋ ಎಂದು ಭಯ. ಇಲ್ಲಿ ಬಾರಿಸಿದರೆ ಚನ್ನಕ್ಕ, “ಒತ್ತು ಗೊತ್ತು ಇಲ್ದಂಗೆ ಇಂಗೆ ಟಿಂಯ್ ಅಂತ ಕೂತ್ರೆ ಅಸು ಎಂಗಮ್ಮಾ ಆಲು ಕೊಡ್ತೈತೆ?” ಎನ್ನುತ್ತಾರೆ. ಹೊಲದ ಬದುವಿನಲ್ಲಿ ಕೂತು ವೈರು ಹಾಕದೆ ಬಾರಿಸುತ್ತೇನೆ, ನನಗೆ ಮಾತ್ರ ಕೇಳುವಷ್ಟು.

ಆದರೂ ಬಿಟ್ಟು ಬರುವುದಿಲ್ಲ. ಗಿಟಾರು ಕೊಡದಿದ್ದರೆ ನನ್ನ ಜಾಗ ಹೋಗುತ್ತದೆ, ನಿಜ. ಹೋದರೂ ಆ ಟೆಸ್ಟಿಂಗ್ ಟೇಬಲ್ಲಿಗೆ ವಾಪಸ್ ಬರುವುದಿಲ್ಲ. ನಿನಗೆ ಗಿಟಾರು ಉಳಿಯುತ್ತದೆ, ನಾನು ಉಳಿಯುವುದಿಲ್ಲ.

ತೇಜಸ್ವಿನಿ


ಟಿ. ದಾಸರಹಳ್ಳಿ
5 ಅಕ್ಟೋಬರ್ 2025

ತೇಜು,

ಹೌದು, ನಾನೇ ಕಡಿದೆ.

ಮೊದಲನೆಯದು ನಿಜವಾಗಿಯೂ ತಾನೇ ತುಂಡಾಯಿತು. ಆಗ ನನ್ನ ಮನಸ್ಸಿಗೆ ಎಂಥ ಸಮಾಧಾನವಾಯಿತು ಎಂದರೆ ನನಗೇ ಗಾಬರಿಯಾಯಿತು. ಎರಡನೆಯದಕ್ಕೆ ಬೆರಳು ಬಿಗಿ ಮಾಡಿದೆ. ಮೂರನೆಯದಕ್ಕೆ ಕತ್ತರಿಯನ್ನೇ ಹಿಡಿದೆ. ಸುತ್ತಿ ಮುಗಿದರೆ ನಿಮ್ಮಪ್ಪ ಅದನ್ನು ಗಾಡಿಗೆ ಹಾಕಿಕೊಂಡು ಹೊರಡುತ್ತಾರೆ, ಮಂಚ ಖಾಲಿಯಾಗುತ್ತದೆ. ಗಿಟಾರು ಇಲ್ಲಿರುವ ತನಕ ನೀನು ಪೂರ್ತಿ ಹೋಗಿಲ್ಲ ಎಂದು ಅಂದುಕೊಂಡಿದ್ದೆ. ನವೆಂಬರ್ ದಾಟಿಸಿಬಿಟ್ಟರೆ ಸೋತು ಮನೆಗೆ ಬರುತ್ತೀಯ ಎಂಬ ಲೆಕ್ಕವೂ ಇತ್ತು. ಸೋತ ಮಗಳು ಮನೆಯಲ್ಲಿ ಹೇಗಿರುತ್ತಾಳೆ ಎಂದು ಮಾತ್ರ ಯೋಚಿಸಲಿಲ್ಲ. ನಿನ್ನ ಪತ್ರ ಓದಿದ ಮೇಲೆ ಯೋಚಿಸಿದೆ. ನನಗೆ ನಾಚಿಕೆಯಾಗಿದೆ ತೇಜು.

ಬುಧವಾರ ಆಯುಧಪೂಜೆ. ಶೆಡ್ಡಿನಲ್ಲಿ ನನ್ನ ಮೆಷಿನ್ನಿಗೆ ಹೂವು ಹಾಕಿ ಬಂದೆ. ಮನೆಯಲ್ಲಿ ನಿಮ್ಮಪ್ಪ ಗಾಡಿ ತೊಳೆದು ನಿಂಬೆಹಣ್ಣು ಇಡುತ್ತಿದ್ದರು. ಒಳಗಿದ್ದ ಗಿಟಾರಿನ ಬೆಡ್‌ಶೀಟು ತೆಗೆದು ಒರೆಸಿ, ಅದಕ್ಕೂ ಕುಂಕುಮವಿಟ್ಟೆ. ಮಗಳ ಕೈಯಿಂದ ಕಿತ್ತುಕೊಂಡ ಆಯುಧಕ್ಕೆ ಪೂಜೆ ಮಾಡುವುದು ಎಂಥ ನಾಟಕ ಎಂದು ಅಲ್ಲೇ ನಿಂತು ಅತ್ತೆ. ನಿಮ್ಮಪ್ಪ ಬಾಗಿಲಲ್ಲಿ ನಿಂತು ನೋಡಿ, ಮತ್ತೆ ಗಾಡಿ ತೊಳೆಯಲು ಹೋದರು. ಒಂದು ಸಲ ತೊಳೆದು ಆಗಿತ್ತು.

ಶುಕ್ರವಾರ ಚೌಕಟ್ಟನ್ನು ಶೆಡ್ಡಿಗೆ ಒಯ್ದೆ. ಊಟದ ಬಿಡುವಿನಲ್ಲಿ ಎಲ್ಲರ ಮುಂದೆ ಸುತ್ತಿದೆ. ಲಕ್ಷ್ಮಿದೇವಮ್ಮನವರು ಬಂದು, “ಯಾವ್ ಕಂಪ್ನಿದು ರಾಣಿ, ಈ ಕಾಯಿಲ್ಲು?” ಎಂದರು. “ನನ್ ಮಗಳ್ದು ಮೇಡಂ. ಆರ್ಕೆಸ್ಟ್ರಾದಲ್ಲಿ ಗಿಟಾರ್ ಬಾರಿಸ್ತಾಳೆ. ಟೆಸ್ಟಿಂಗ್‌ಗೆ ಅವಳು ಬರಲ್ಲ, ಬೇರೆಯವ್ರನ್ನ ತಗೊಂಬಿಡಿ” ಎಂದೆ. ಅವರ ಮುಖ ಊದಿಕೊಂಡಿತು. ನಾನು ತಲೆ ತಗ್ಗಿಸಿ ಸುತ್ತುತ್ತಿದ್ದೆ, ತಂತಿ ತುಂಡಾಗಲಿಲ್ಲ.

ಮೇಣದಲ್ಲಿ ಅದ್ದಿದೆ. ಬೆಸುಗೆ ಹಾಕಿದೆ. ಮೀಟರು ಸರಿಯಾಗಿ ತೋರಿಸಿತು. ನಿನ್ನ ಆಂಪ್ಲಿಫೈಯರಿಗೆ ವೈರು ಸಿಕ್ಕಿಸಿ ಒಂದೇ ಒಂದು ತಂತಿ ಮೀಟಿದೆ. ಸದ್ದು ಕೇಳಿ ಹೆದರಿ ಆಫ್ ಮಾಡಿದೆ. ಅಷ್ಟು ಜೋರಾಗಿ ಇಡಬಾರದು ನೀನು, ಕಿವಿ ಹೋಗುತ್ತದೆ.

ನಿಮ್ಮಪ್ಪ ಈಗ ಹೊರಡುತ್ತಾರೆ. ಈ ಪತ್ರ ಗಿಟಾರಿನ ಬ್ಯಾಗಿನಲ್ಲಿಟ್ಟಿದ್ದೇನೆ. ಇದಕ್ಕಾಗಿ ನೀನು ಬರಬೇಕಾಗಿಲ್ಲ.

ಅಮ್ಮ


ರಾಜಾನುಕುಂಟೆ
16 ಅಕ್ಟೋಬರ್ 2025

ಅಮ್ಮ,

ಅಪ್ಪ ಗಿಟಾರು ಕೊಟ್ಟು, ಕಾಫಿ ಕುಡಿದು, ಚನ್ನಕ್ಕನ ಹಸು ನೋಡಿ ಹೋದರು. ನಿನ್ನ ಬಗ್ಗೆ ಕೇಳಿದ್ದಕ್ಕೆ “ಚೆನ್ನಾಗಿದ್ದಾಳೆ” ಎಂದರು. ಅವರನ್ನು ನಂಬುವ ಹಾಗಿಲ್ಲ ಎಂದು ನೀನೇ ಬರೆದಿದ್ದೀಯ.

ನಿನ್ನ ಮೇಲೆ ನನಗೆ ಇನ್ನೂ ಕೋಪವಿದೆ, ಇಲ್ಲ ಎಂದು ಸುಳ್ಳು ಬರೆಯುವುದಿಲ್ಲ. ಆದರೆ ಲಕ್ಷ್ಮಿದೇವಮ್ಮನವರಿಗೆ ಹಾಗೆ ಹೇಳಿದ್ದನ್ನು ಮತ್ತೆ ಮತ್ತೆ ಓದಿದೆ.

ಈಗ ಕೆಲಸದ ಮಾತು. ನೀನು ಸುತ್ತಿದ್ದು ಒಂಟಿಯಾಗಿ ಬಾರಿಸಿದರೆ ತುಂಬ ಚೆನ್ನಾಗಿದೆ, ಮೊದಲಿಗಿಂತ ದಪ್ಪ ಸದ್ದು. ನಡುವಿನ ಪಿಕಪ್ಪು ಒಂಟಿಯಾಗಿ ಬಾರಿಸಿದರೂ ಚೆನ್ನ. ಎರಡನ್ನೂ ಸೇರಿಸಿದರೆ ಮಾತ್ರ ಸದ್ದು ಬತ್ತಿಹೋಗುತ್ತದೆ, ತಗಡು ಡಬ್ಬಿಯ ಹಾಗೆ. ಫೋನಿನಲ್ಲಿ ನಾವಿಬ್ಬರು ಸೇರಿದ ಹಾಗೆಯೇ. ತಲೆ ಕೆರೆದುಕೊಂಡು ನೋಡಿದರೆ ನೀನು ಉಲ್ಟಾ ದಿಕ್ಕಿನಲ್ಲಿ ಸುತ್ತಿದ್ದೀಯ. ಬಿಚ್ಚಬೇಕಾಗಿಲ್ಲ, ಅದರಿಂದ ಹೊರಡುವ ಎರಡು ವೈರುಗಳನ್ನು ಅದಲುಬದಲು ಮಾಡಿದರೆ ಸಾಕು. ಎರಡನ್ನೂ ಬಿಡಿಸಿ, ತಿರುವುಮುರುವು ಮಾಡಿ ನಾನೇ ಬೆಸುಗೆ ಹಾಕಿದೆ. ಸರಿಹೋಯಿತು.

ಮುಕ್ತಾರ್ ಭಾಯ್ ಕೇಳಿ, “ಕೇಕ್ ಮಾಡಿದ್ದ ಅಮ್ಮೀನೇ ಇದ್ನೂ ಮಾಡಿದ್ದಾ?” ಎಂದು ಎರಡು ಸಲ ಕೇಳಿದರು. ರಾಜ್ಯೋತ್ಸವಕ್ಕೆ ನಾನಿದ್ದೇನೆ.

ತೇಜು


ಟಿ. ದಾಸರಹಳ್ಳಿ
26 ಅಕ್ಟೋಬರ್ 2025

ತೇಜು,

ನಮ್ಮ ಶೆಡ್ಡಿನಲ್ಲಿ ಎಲ್ಲ ಕಾಯಿಲೂ ಒಂದೇ ದಿಕ್ಕಿಗೆ ಸುತ್ತುತ್ತೇವೆ. ಇನ್ನೊಂದು ದಿಕ್ಕು ಎಂಬುದೊಂದು ಇದೆಯೆಂದು ಕೇಳುವ ಅಭ್ಯಾಸವೇ ನನಗಿಲ್ಲ. ನಿನಗದು ಮೊದಲಿಂದ ಗೊತ್ತು.

ಮಂಚದ ಮೇಲೆ ಈಗ ಒಗೆದ ಬಟ್ಟೆ ಮಡಿಸಿಡುತ್ತೇನೆ. ಮಡಿಸಿದ್ದನ್ನೇ ಮತ್ತೆ ಬಿಡಿಸಿ ಮಡಿಸುತ್ತೇನೆ, ಕೈ ಸುಮ್ಮನಿರುವುದಿಲ್ಲ. ನಿಮ್ಮ ಪ್ರೋಗ್ರಾಂ ಎಲ್ಲೆಲ್ಲಿ ಎಂದು ನೀನು ಬರೆದಿಲ್ಲ, ನಾನು ಕೇಳುವುದೂ ಇಲ್ಲ. ಬಾರಿಸುವ ಮೊದಲು ಏನಾದರೂ ತಿನ್ನು.

ಅಮ್ಮ


ರಾಜಾನುಕುಂಟೆ
10 ನವೆಂಬರ್ 2025

ಅಮ್ಮ,

ರಾಜ್ಯೋತ್ಸವದ ಪ್ರೋಗ್ರಾಂಗಳೆಲ್ಲ ಚೆನ್ನಾಗಿ ನಡೆಯುತ್ತಿವೆ. ಅನ್ವರ್ ಬಂದ, ತನ್ನ ಗಿಟಾರು ನೋಡಿ, “ಇದು ನಂದೇನಾ?” ಎಂದು ಆಶ್ಚರ್ಯಪಟ್ಟ. ಈಗ ಇಬ್ಬರೂ ಬಾರಿಸುತ್ತೇವೆ. ತಿಂಗಳು ಮುಗಿದ ಮೇಲೆ ಏನೋ ಗೊತ್ತಿಲ್ಲ, ಸದ್ಯಕ್ಕೆ ಜಾಗ ಇದೆ. ಹೆಬ್ಬಾಳದಲ್ಲಿ ಒಂದು ಹಾಡಿಗೆ ಮುಕ್ತಾರ್ ಭಾಯ್ ನನ್ನನ್ನು ಮುಂದೆ ಕರೆದರು. ಮುಂದೆ ನಿಂತರೆ ಎದುರಿಗಿದ್ದ ಕುರ್ಚಿಗಳೆಲ್ಲ ಕಾಣುತ್ತವೆ. ನಾನು ಕುರ್ಚಿ ಕುರ್ಚಿಯನ್ನೂ ನೋಡಿದೆ. ಎಲ್ಲಿ ಎಂದು ನಿನಗೆ ತಿಳಿಸದೆ ನೀನು ಹೇಗೆ ಬಂದಿರುತ್ತೀಯ, ನನ್ನದೇ ಬುದ್ಧಿಗೇಡಿತನ.

ಒಂದು ತೊಂದರೆಯಾಗಿದೆ. ಶನಿವಾರ ಪ್ರೋಗ್ರಾಂ ಮುಗಿಯುವ ಹೊತ್ತಿಗೆ ನೀನು ಸುತ್ತಿದ ಪಿಕಪ್ಪು ಮತ್ತೆ ಮೂಕವಾಯಿತು. ಬಿಚ್ಚಿ ನೋಡಿದೆ, ಅದರ ಒಂದು ವೈರು ಬೆಸುಗೆ ಬಿಟ್ಟು ಜೋತಾಡುತ್ತಿದೆ. ಉಳಿದ ಎರಡರಲ್ಲಿ ಹೇಗೋ ಬಾರಿಸುತ್ತಿದ್ದೇನೆ. ನಾನು ಮುಟ್ಟಲು ಹೋಗಿಲ್ಲ, ಇನ್ನೂ ಏನಾದರೂ ಕೆಟ್ಟರೆ ಕಷ್ಟ. ನೀನೇ ಒಂದು ಸಲ ನೋಡಿದರೆ ಒಳ್ಳೆಯದು. 23ನೇ ತಾರೀಕು ಭಾನುವಾರ ಪ್ರೋಗ್ರಾಂ ಇಲ್ಲ. ಅವತ್ತು ಗಿಟಾರು ತೆಗೆದುಕೊಂಡು ಬರಲಾ? ರಿಪೇರಿಗೋಸ್ಕರ ಅಷ್ಟೇ. ಬೆಸುಗೆ ಹಾಕಿಸಿಕೊಂಡು ಹೊರಟುಬಿಡುತ್ತೇನೆ.

ತೇಜು


ಟಿ. ದಾಸರಹಳ್ಳಿ
13 ನವೆಂಬರ್ 2025

ತೇಜು,

ಆ ವೈರುಗಳಿಗೆ ಕೊನೆಯ ಬೆಸುಗೆ ಹಾಕಿದವಳು ನೀನು. ಹೋದ ತಿಂಗಳು ನೀನೇ ಬರೆದಿದ್ದೀಯ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದವಳು, ಇನ್ನೊಬ್ಬರ ಗಿಟಾರಿನ ಕುತ್ತಿಗೆ ನೆಟ್ಟಗೆ ಮಾಡಿದವಳು. ಬಿಟ್ಟುಹೋದ ಒಂದು ವೈರನ್ನು ಅಂಟಿಸಲು ಅಲ್ಲಿಂದ ಎರಡು ಬಸ್ಸು ಬದಲಿಸಿ ಇಲ್ಲಿಗೆ ಬರುತ್ತೀಯಾ? ಅದು ಬಿಟ್ಟಿತೋ, ನೀನೇ ಬಿಡಿಸಿದೆಯೋ, ನಾನು ಕೇಳುವುದಿಲ್ಲ. ಕತ್ತರಿ ಹಿಡಿದು ಕೂತಿದ್ದವಳಿಗೆ ಈ ಕಳ್ಳಾಟ ಗೊತ್ತಾಗುವುದಿಲ್ಲವೇ?

ಓದಿ ಎಷ್ಟು ಸಂತೋಷವಾಯಿತು ಎಂದು ಹೇಗೆ ಬರೆಯಲಿ. ನಿಮ್ಮಪ್ಪನಿಗೆ ಜೋರಾಗಿ ಓದಿ ಹೇಳಿದೆ. ಅವರು ಇನ್ನೊಂದು ಸಲ ಓದು ಎಂದರು.

ಆದರೆ ಗಿಟಾರು ತರಬೇಡ. ಇವತ್ತೇ ಬೆಸುಗೆ ಹಾಕಿಕೋ. ಹಾಕುವ ಮೊದಲು ವೈರಿನ ತುದಿಯನ್ನು ಕೆರೆದು ಚೊಕ್ಕ ಮಾಡು, ಸೀಸ ಚೆನ್ನಾಗಿ ಕರಗಿ ಹರಿಯುವವರೆಗೆ ಕೈ ಅಲುಗಿಸಬೇಡ. ನಿನ್ನ ಕೆಲಸದ ವಸ್ತು ಕೆಟ್ಟು ಕೂರಬಾರದು, ನನ್ನಿಂದಾಗಿ ಒಮ್ಮೆ ಕೂತದ್ದು ಸಾಕು. ಅದನ್ನು ಸರಿ ಮಾಡಿ, ಬಾರಿಸಿ ನೋಡಿ, ಚನ್ನಕ್ಕನ ಮನೆಯಲ್ಲೇ ಬಿಟ್ಟು ಬಾ.

ಭಾನುವಾರ ಬರಿಗೈಯಲ್ಲಿ ಬಾ. ಬಾಗಿಲಲ್ಲಿ ನಿಮ್ಮಪ್ಪ “ಏನಕ್ ಬಂದೆ ಮಗಳೇ” ಎಂದು ಕೇಳಿದರೆ, ಸುಮ್ಮನೆ ಬಂದೆ ಎನ್ನು.

ನಿನ್ನಮ್ಮ,
ರಾಣಿ